ಡೋಣಿ ಇಳಿದ ಮೇಲಿನ ರೊಟ್ಟಿ

ಮೊನ್ನೆ ಮುದ್ದೇಬಿಹಾಳದ ದಾರಿಯಲ್ಲಿ ನೆನೆದು ಮುಗ್ಗಿದ ಜೋಳದ ವಾಸನೆ ಬಂತು. ಡೋಣಿ ಹೊಳೆ ನಮ್ಮೂರಿಗೆ ನುಗ್ಗಿದ ವರ್ಷ ಕಣ್ಣೆದುರು ನಿಂತಿತು.

ಎತ್ತು ಬಿಚ್ಚಿಕೊಂಡು ಬರುತ್ತೇನೆಂದು ಹೊಲಕ್ಕೆ ಹೋದ ಅಪ್ಪ ತಿರುಗಿ ಬರಲಿಲ್ಲ. ನೀರು ಇಳಿದ ಮೇಲೆ ಊರ ಗಂಡಸರೆಲ್ಲ ಕೈ ಕೈ ಹಿಡಿದು, ಸಾಲಾಗಿ ಕೆಸರು ತುಳಿಯುತ್ತ ಹುಡುಕಿದರು. ಎತ್ತುಗಳಷ್ಟೇ ಸಿಕ್ಕವು.

ಸಾವಾದ ಮನೆಗೆ ನೆರೆಯವರು ರೊಟ್ಟಿ ತರುವುದು ನಮ್ಮ ಕಡೆಯ ಪದ್ಧತಿ. ಆದರೆ ನಮ್ಮ ಓಣಿಯಲ್ಲಿ ಯಾರಲ್ಲೂ ಒಣ ಹಿಟ್ಟಿರಲಿಲ್ಲ. ಮೇಲಿನ ಓಣಿಯವರು ಕೊಟ್ಟ ಹಿಟ್ಟಿನಲ್ಲಿ ಹೆಂಗಸರು ಶಾಲೆಯ ಅಂಗಳದಲ್ಲಿ ಒಂದೇ ಒಲೆ ಹೂಡಿ ರೊಟ್ಟಿ ಬಡಿದರು. ಪಕ್ಕದ ಮನೆಯ ಖಾಜಾಬಿ ಮೊದಲ ರೊಟ್ಟಿಯನ್ನು ಅವ್ವನ ಮುಂದಿಟ್ಟಳು.

ಅವ್ವ ಅದನ್ನು ದೂಡಿದಳು. "ಇದನ್ನ ಉಂಡ್ರ ಅವರು ಸತ್ತಂಗಾತು."

"ಹಂಗಾದ್ರ ನಾನೂ ಉಣ್ಣೂದಿಲ್ಲ ಬಿಡವ್ವ," ಎಂದು ಖಾಜಾಬಿ ಪಕ್ಕದಲ್ಲೇ ಕುಳಿತಳು. ಒಲೆಯ ಮುಂದಿದ್ದವರೂ ಒಬ್ಬೊಬ್ಬರಾಗಿ ಬಂದು ಸುತ್ತ ಕುಳಿತರು. ಯಾರೂ ರೊಟ್ಟಿ ಮುಟ್ಟಲಿಲ್ಲ.

ಹೊತ್ತು ಇಳಿಯುವಾಗ ಅವ್ವ ಹಸಿದ ಆ ಮುಖಗಳನ್ನು ನೋಡಿದಳು. "ನನ್ನ ಸಲವಾಗಿ ಇಷ್ಟ ಮಂದಿ ಉಪಾಸ ಬ್ಯಾಡ್ರಿ," ಎಂದು ರೊಟ್ಟಿ ಮುರಿದು ಬಾಯಿಗಿಟ್ಟಳು. ಆಗ ಎಲ್ಲರೂ ಅತ್ತರು.

ಅಪ್ಪ ಸಿಗಲೇ ಇಲ್ಲ. ಖಾಜಾಬಿಯೂ ಈಗಿಲ್ಲ. ಅವ್ವ ಇವತ್ತಿಗೂ ಒಮ್ಮೊಮ್ಮೆ ನನ್ನ ಕೈ ಹಿಡಿದು, "ನಾ ಅವತ್ತ ಉಣಬಾರದಾಗಿತ್ತು," ಅನ್ನುತ್ತಾಳೆ.