ಅರಮನೆಯ ಡ್ರಮ್ಮಿಗೆ ಹುಣಸೆಹಣ್ಣು

ನಮ್ಮ ಮನೆಯವರು ಜಮಖಂಡಿಯ ಅರಮನೆ ಬ್ಯಾಂಡಿನಲ್ಲಿ ಸೈಡ್ ಡ್ರಮ್ಮು ಬಾರಿಸುತ್ತಿದ್ದರು. ಸಂಸ್ಥಾನ ಮುಂಬೈ ರಾಜ್ಯದಲ್ಲಿ ಸೇರಿತು, ಬ್ಯಾಂಡು ಮುಗಿಯಿತು, ಬಾರಿಸುವವರೆಲ್ಲ ತಮ್ಮ ತಮ್ಮ ವಾದ್ಯ ಹೊತ್ತುಕೊಂಡು ಮನೆಗೆ ಬಂದರು. ಅರಸೊತ್ತಿಗೆಯ ಕಾಲ ಹೋಯಿತು ಎಂದು ಪೇಪರಿನಲ್ಲಿ ಬರೆದಿದ್ದರಂತೆ. ನಮ್ಮ ಮನೆಯಲ್ಲಿ ಅದು ಶುರುವಾದದ್ದೇ ಆಗ.

ಡ್ರಮ್ಮಿಗೆ ನಡುಮನೆಯ ಗೂಟ ಸಿಕ್ಕಿತು. ಅದರ ಕೆಳಗೆ ಕಸ ಗುಡಿಸುವಾಗ ನಾನು ತಲೆ ಬಗ್ಗಿಸಿ ಗುಡಿಸಬೇಕು. ಮನೆಯಲ್ಲಿ ಹಿತ್ತಾಳೆಯದು ಎಂಬುದೆಲ್ಲ ನನ್ನ ಪಾಲಿನದು. ಕೊಡ, ತಂಬಿಗೆ, ಸಮಯಿ ದೀಪ, ದೇವರ ಗಂಟೆ, ಎಲ್ಲವನ್ನೂ ನಾನೇ ತಿಕ್ಕಿ ಬೆಳಗುವವಳು. ಈ ಒಂದು ಡ್ರಮ್ಮನ್ನು ಮಾತ್ರ ಮುಟ್ಟುವಂತಿಲ್ಲ.

"ಅರಮನ್ಯಾಗ ದಸರಾದ ಖಂಡೇಪೂಜಿಗೆ ಇಟ್ಟ ಸಾಮಾನ ಅದು. ಹೆಂಗಸರ ಕೈ ಹತ್ತಬಾರದು," ಎಂದರು ಇವರು.

"ಹತ್ತಿದ್ರ ಏನ ಆಗತೈತ್ರಿ?"

"ನಾದ ಹೋಗತೈತಿ."

ಮನೆಯ ದೇವರ ಮೂರ್ತಿಗಳನ್ನು ಸೋಮವಾರಕ್ಕೊಮ್ಮೆ ತಿಕ್ಕುವವಳು ನಾನೇ. ದೇವರ ಶಕ್ತಿಗೆ ಏನೂ ಆಗಿರಲಿಲ್ಲ. ಡ್ರಮ್ಮು ದೇವರಿಗಿಂತ ನಾಜೂಕು ಇರಬೇಕು ಎಂದುಕೊಂಡೆ.

ಹೀಗೆ ಮೂರು ವರ್ಷ ಕಳೆದವು. ಮದುವೆಯ ಬ್ಯಾಂಡಿನವರು ಎರಡು ಸಲ ಬಂದು ಕರೆದರು. "ಸರಕಾರದ ಮುಂದ, ಖುದ್ದ ಅರಸರ ಮುಂದ ಬಾರಿಸಿದ ಕೈ ಇದು. ಮದುಮಗನ ಕುದರಿ ಮುಂದ ಬಾರಸೂದಿಲ್ಲ," ಎಂದು ಇವರು ಹೇಳಿ ಕಳಿಸಿದರು. ಕೈ ಅಷ್ಟು ದೊಡ್ಡದಾದ್ದರಿಂದ ಅದಕ್ಕೆ ಬೇರೆ ಕೆಲಸವೂ ಹೊಂದುತ್ತಿರಲಿಲ್ಲ. ನಾನು ಪೇಟೆಯ ವಖಾರಿಯಲ್ಲಿ ಶೇಂಗಾ ಸುಲಿಯಲು ಹೋಗುತ್ತಿದ್ದೆ. ಇವರು ಕಟ್ಟೆಯ ಮೇಲೆ ಕುಳಿತು ದಸರೆಯ ಮೆರವಣಿಗೆಯಲ್ಲಿ ತಮ್ಮ ಡ್ರಮ್ಮು ಹೇಗೆ ಹೊಳೆಯುತ್ತಿತ್ತು ಎಂದು ಹೇಳುತ್ತಿದ್ದರು. ಕೇಳುವವರು ಮೊದಲು ಐದಾರು ಮಂದಿ ಇದ್ದರು, ಆಮೇಲೆ ಇಬ್ಬರಾದರು, ಕೊನೆಗೆ ಒಬ್ಬ ಉಳಿದ. ಅವನಿಗೆ ಕಿವಿ ಮಂದ.

ನಗುತ್ತ ಹೇಳುತ್ತಿದ್ದೇನೆ, ಆದರೆ ಆಗ ನನಗೆ ನಗು ಬರುತ್ತಿರಲಿಲ್ಲ. ಕೆಲಸವಿಲ್ಲದ ಗಂಡಸು ದಿನದಿನಕ್ಕೆ ಸಣ್ಣಗಾಗುವುದನ್ನು ನೋಡುವುದು ಬಹಳ ಕಷ್ಟ. ಮುಂಜಾನೆ ಅಂಗಿ ಹಾಕಿಕೊಂಡು ಎಲ್ಲಿಗೂ ಹೋಗದೆ ಕೂಡುತ್ತಿದ್ದರು. ಅದನ್ನು ನೋಡಿ ನನಗೆ ಸಿಟ್ಟೂ ಬರುತ್ತಿತ್ತು, ಮರುಕವೂ ಬರುತ್ತಿತ್ತು.

ಇಂಥದರಲ್ಲಿ ರಬಕವಿಯಲ್ಲಿ ಮಗ್ಗ ಇಟ್ಟಿದ್ದ ನನ್ನ ಅಣ್ಣನಿಂದ ಕಾಗದ ಬಂತು. ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ ಹುಡುಗರ ಬ್ಯಾಂಡು ಕಟ್ಟಲು ಮಾಸ್ತರು ಬೇಕಾಗಿದ್ದಾರೆ. ಬರುವ ತಿಂಗಳ ಮೊದಲ ಸೋಮವಾರ ಸ್ವಂತ ಡ್ರಮ್ಮು ತಂದು ಬಾರಿಸಿ ತೋರಿಸಬೇಕು. ಹೆಡ್ ಮಾಸ್ತರರು ಭಾರಿ ಶಿಸ್ತಿನವರು, ಹುಡುಗರ ಗುಂಡಿ, ಉಗುರು ಎಲ್ಲ ದಿನಾ ನೋಡುತ್ತಾರೆ. ಮಾಸಿದ ಸಾಮಾನು ತಂದರೆ ಹೊರಗಿನಿಂದಲೇ ಕಳಿಸುತ್ತಾರೆ. ಕಾಗದ ಓದಿದ ಇವರು ಮೂರು ವರ್ಷದಲ್ಲಿ ಮೊದಲ ಸಲ ಗೂಟದಿಂದ ಡ್ರಮ್ಮು ಇಳಿಸಿ ಬಿಸಿಲಿಗೆ ಹಿಡಿದರು.

ಬಿಸಿಲು ಸುಳ್ಳು ಹೇಳಲಿಲ್ಲ. ಹಿತ್ತಾಳೆಯ ತಗಡಿನ ಮೈ, ಅದರ ಮೇಲೆ ವಿಲಾಯತಿಯವರು ಕೊಟ್ಟ ಬಿಳಿ ನಿಕ್ಕಲ್ ಪಾಲಿಶು. ಆ ಬಿಳಿಯೇ ಇವರ ಹೆಮ್ಮೆ. ಅದು ಅಲ್ಲಲ್ಲಿ ಪೊರೆ ಬಿಟ್ಟು ಎದ್ದಿತ್ತು, ಎದ್ದಲ್ಲಿ ಹಿತ್ತಾಳೆ ಕಪ್ಪಾಗಿತ್ತು, ಹಗ್ಗ ಕಟ್ಟಿದ ಕಡೆ ಹಸಿರು ಕಿಲುಬು ಹಿಡಿದಿತ್ತು. ನಾನು ನೋಡಿದ ಕೂಡಲೇ, "ಬಿಳೀದು ಹೋಗಿಬಿಟ್ಟೈತ್ರಿ. ಉಳಿದದ್ದನ್ನೂ ತಗದು ಹಿತ್ತಾಳಿ ಬೆಳಗಿದ್ರ ಬಂಗಾರದಂಗ ಆಗತೈತಿ," ಎಂದೆ.

"ನಿನಗೇನ ತಿಳೀತೈತಿ? ಇದೇನ ನೀರಿನ ಕೊಡ ಅಂತ ಮಾಡಿಯೇನು?"

ನನಗೆ ಏನು ತಿಳಿಯಬೇಕು. ಇಪ್ಪತ್ತು ವರ್ಷ ಹಿತ್ತಾಳೆ ತಿಕ್ಕಿದ್ದೆ, ಅಷ್ಟೇ.

ತಿಳಿದವರು ಮನೆಗೆ ಬಂದರು. ಹಳೇ ಬ್ಯಾಂಡಿನ ಇಬ್ಬರು, ಒಬ್ಬ ತುತ್ತೂರಿಯವ, ಒಬ್ಬ ದೊಡ್ಡ ಡ್ರಮ್ಮಿನವ. ಮೂರು ಜನ ಕೂಡಿ ಡ್ರಮ್ಮಿನ ಸುತ್ತ ಕುಳಿತು, ನನ್ನಿಂದ ನಾಲ್ಕು ಸಲ ಚಹಾ ಮಾಡಿಸಿಕೊಂಡು, ಸಂಜೆಯ ಹೊತ್ತಿಗೆ ಒಂದು ನಿರ್ಣಯಕ್ಕೆ ಬಂದರು. ಹಿತ್ತಾಳೆಯ ಮೇಲೆ ಬೆಳ್ಳಗೆ ಹೊಳೆಯುವುದು ಯಾವುದು? ಕಲಾಯಿ. ಅಡಿಗೆಯ ಪಾತ್ರೆಯ ಕಲಾಯಿ ಹೋದರೆ ಏನು ಮಾಡುತ್ತಾರೆ? ಮತ್ತೆ ಹಾಕಿಸುತ್ತಾರೆ. ಹಾಗಾದರೆ ಡ್ರಮ್ಮಿಗೂ ಕಲಾಯಿ ಹಾಕಿಸಬೇಕು. ನೀರಿನ ಕೊಡ ಅಲ್ಲ ಎಂದವರೇ ಅದನ್ನು ಪಲ್ಯದ ಬೋಗುಣಿ ಮಾಡಿದ್ದರು. ಅದು ಅವರಿಗೆ ಹೊಳೆಯಲಿಲ್ಲ, ನಾನು ಹೇಳಲೂ ಇಲ್ಲ.

ಕಲಾಯಿಯವ ನಮ್ಮ ಓಣಿಯ ಬೇವಿನ ಗಿಡದ ಕೆಳಗೆ ತಿದಿ ಹೂಡುತ್ತಿದ್ದ ಮುದುಕ. ಒಳ್ಳೆಯ ಕೆಲಸಗಾರ. ಇವರು ಹಗ್ಗ ಬಿಚ್ಚಿ, ಎರಡೂ ಕಡೆಯ ಚರ್ಮ, ಅದನ್ನು ಬಿಗಿದ ಬಳೆ ತೆಗೆದು, ಬರೀ ತಗಡಿನ ಮೈಯನ್ನು ಅವನ ಮುಂದಿಟ್ಟರು. ಅವನು ಬೆರಳಿನಿಂದ ಉಜ್ಜಿ ನೋಡಿದ.

"ಇದು ಕಲಾಯಿ ಬಿಳಿ ಅಲ್ರಿ ಸಾಹೇಬ್ರ. ಬ್ಯಾರೇನಽ ಐತಿ. ಮತ್ತ ನಾವು ಹಾಕೂದು ಪಾತ್ರಿ ಒಳಗ, ನೀವು ಹೊರಗ ಅಂತೀರಿ."

"ನೀ ಹಾಕೋ ಮಾರಾಯಾ. ಸರಕಾರದ ಸಾಮಾನ ನಮಗ ಗೊತ್ತೈತಿ."

ಮುದುಕ ಕೆಂಡ ಕೆದರಿ, ತಿದಿ ಒತ್ತಿ, ಡ್ರಮ್ಮಿನ ಮೈ ಕಾಯಿಸಿ, ನವಸಾಗರದ ಪುಡಿ ಉದುರಿಸಿದ. ಬಿಳಿ ಹೊಗೆ ಎದ್ದಿತು. ತವರ ಸವರಿ, ಹತ್ತಿಯಿಂದ ಒಂದು ಸಲ ಉಜ್ಜಿದ. ಒಂದು ಗೇಣಿನಷ್ಟು ಜಾಗ ಕನ್ನಡಿಯಾಯಿತು. ಮೂವರೂ "ವಾಹ್!" ಎಂದರು. ಅದೇ ಹೊತ್ತಿಗೆ ತಗಡನ್ನು ಸುತ್ತಿ ಕೂಡಿಸಿದ್ದ ಬೆಸುಗೆ ಕರಗಿ, ಟಪ್ಪೆಂದು ಡ್ರಮ್ಮು ಬಾಯಿ ಬಿಟ್ಟಿತು.

ಅರಮನೆಯ ಡ್ರಮ್ಮು ಉದ್ದಕ್ಕೆ ಹರಿದ ತಗಡಾಗಿ ಬೇವಿನ ಗಿಡದ ಕೆಳಗೆ ಬಿದ್ದಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದುಕೊಂಡೆ. ಆಮೇಲೆ ಇವರ ಕಡೆ ನೋಡಿದೆ. ಬಿಸಿ ತಗಡಿನ ಎರಡೂ ಅಂಚನ್ನು ಧೋತರದ ಚುಂಗಿನಿಂದ ಹಿಡಿದು ಕೂಡಿಸಲು ನೋಡುತ್ತಿದ್ದರು. ಸೋಮವಾರಕ್ಕೆ ಆರು ದಿನ ಉಳಿದಿದ್ದವು. ನಾನು ನಕ್ಕದ್ದಕ್ಕೆ ನನಗೇ ನಾಚಿಕೆಯಾಯಿತು.

ಮರುದಿನ ಇವರು ತಗಡನ್ನು ಧೋತರದಲ್ಲಿ ಸುತ್ತಿಕೊಂಡು ತೇರದಾಳಕ್ಕೆ ಹೋದರು. ಅಲ್ಲಿಯ ಒಬ್ಬ ಬೋಗಾರರು ಪಾತ್ರೆಗಳ ಬೆಸುಗೆಯಲ್ಲಿ ಹೆಸರಾದವರು. ಎರಡು ದಿನ ಅಲ್ಲಿಯೇ ಕೂತು ಕೂಡಿಸಿಕೊಂಡು ಬಂದರು. ಬೆಸುಗೆ ಗಟ್ಟಿಯಾಗಿತ್ತು, ಗುಂಡಗೂ ಆಗಿತ್ತು. ಬಣ್ಣದ ಮಾತು ಮಾತ್ರ ಕೇಳಬೇಡಿ. ಒಂದು ಕಡೆ ತವರದ ತೇಪೆ, ಒಂದು ಕಡೆ ಸುಟ್ಟ ಕಪ್ಪು, ನಡುನಡುವೆ ಸುಣ್ಣದ ಗೋಡೆಯ ಹಾಗೆ ಏಳುವ ನಿಕ್ಕಲ್ಲು. "ಇನ್ನ ಹೋಗೂದಿಲ್ಲ ನಾ ಬನಹಟ್ಟಿಗೆ," ಎಂದು ಡ್ರಮ್ಮನ್ನು ಮೂಲೆಗೆ ಇಟ್ಟರು. ಗೂಟಕ್ಕೂ ಹಾಕಲಿಲ್ಲ. ಮರುದಿನ ಅಮಾವಾಸ್ಯೆ, ಮನಸ್ಸು ನೆಟ್ಟಗಿಲ್ಲವೆಂದು ಕೃಷ್ಣೆಯ ಸ್ನಾನಕ್ಕೆ ಗಲಗಲಿಗೆ ಹೋಗಿಬಿಟ್ಟರು.

ಅವರು ಓಣಿ ದಾಟುವುದನ್ನೇ ಕಾದಿದ್ದೆ. ಡ್ರಮ್ಮನ್ನು ಎತ್ತಿ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟೆ. ಗುಡುಗಲಿಲ್ಲ, ಸಿಡಿಲೂ ಬಡಿಯಲಿಲ್ಲ. ಹಳೇ ಇಟ್ಟಿಗೆ ಕುಟ್ಟಿ, ಸೀರೆಯ ತುಂಡಿನಲ್ಲಿ ಸೋಸಿ ನುಣ್ಣಗೆ ಪುಡಿ ಮಾಡಿದೆ. ನೆನೆದ ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಮೈಗೆಲ್ಲ ಹಚ್ಚಿ ಬಿಟ್ಟೆ. ಕಿಲುಬು ಬಿಟ್ಟುಕೊಂಡಿತು. ಆಮೇಲೆ ಇಟ್ಟಿಗೆಪುಡಿಯಿಂದ ತಿಕ್ಕತೊಡಗಿದೆ. ಸುಟ್ಟ ನಿಕ್ಕಲ್ಲು ಪದರಪದರವಾಗಿ ಎದ್ದು ಬಂತು. ತವರ ಹಟ ಮಾಡಿತು. ನನ್ನ ಹಟವೇನು ಕಡಿಮೆಯೇ? ಮಧ್ಯಾಹ್ನದವರೆಗೆ ತಿಕ್ಕಿದೆ, ಊಟ ಮಾಡಿ ಮತ್ತೆ ತಿಕ್ಕಿದೆ. ಮೂರು ವರ್ಷದ ಸಿಟ್ಟು ಕೈಯಲ್ಲಿತ್ತು, ಕೆಲಸ ಬೇಗ ಆಯಿತು.

ಅಂಚಿಗೆ ಬಂದಾಗ ಕೈ ನಿಂತಿತು. ಬಳೆ ಕೂಡುವ ಜಾಗದಲ್ಲಿ ಎರಡು ಬೆರಳಿನಷ್ಟು ಅಗಲ, ಗಾಳಿ ನೀರು ಬೆಂಕಿ ಯಾವುದೂ ಸರಿಯಾಗಿ ತಾಗದೆ, ಮೊದಲಿನ ಬಿಳಿ ಹಾಗೇ ಉಳಿದಿತ್ತು. ಬೆಳದಿಂಗಳಂಥ ಬಣ್ಣ. ಇಡೀ ಡ್ರಮ್ಮು ಒಂದು ಕಾಲಕ್ಕೆ ಹೀಗಿತ್ತು ಎಂದು ಆಗ ಗೊತ್ತಾಯಿತು. ಇವರು ಕಟ್ಟೆಯ ಮೇಲೆ ಕುಳಿತು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಅಂಚನ್ನು ನಾನು ತಿಕ್ಕಲಿಲ್ಲ. ಉಳಿದ ಮೈಗೆ ಲಿಂಬೆ, ಕುಳ್ಳಿನ ಬೂದಿ, ಕೊನೆಗೆ ಅರಿವೆಯಲ್ಲಿ ಒಂದು ಹನಿ ಶೇಂಗಾ ಎಣ್ಣೆ ಹಚ್ಚಿ ಒರೆಸಿದೆ.

ಮರುದಿನ ಹೊಳೆಯಿಂದ ಬಂದವರು ನೋಡಿದರು. "ಹಂಡೆ ಮಾಡಿಟ್ಟಿ!" ಎಂದು ಕೂಗಿದರು. ಆಮೇಲೆ ಬಿಸಿಲಿಗೆ ಹಿಡಿದು ಒಂದು ಸುತ್ತು ತಿರುಗಿಸಿದರು. ಇನ್ನೊಂದು ಸುತ್ತು. ಕುಳಿತು ಚರ್ಮ ನೆನೆಸಿ ಏರಿಸಿದರು, ಹಗ್ಗ ಬಿಗಿದರು, ಕೆಳಗಿನ ಚರ್ಮಕ್ಕೆ ತಾಗಿ ಗರಗರ ಎನ್ನುವ ನರದ ದಾರ ಎಳೆದು ಕಟ್ಟಿದರು. ಸಂಜೆ ಕಡ್ಡಿ ಹಿಡಿದು ಬಾರಿಸಿದರು. ಹೆಂಗಸಿನ ಕೈ ಹತ್ತಿದ ನಾದ ಓಣಿಯ ಕೊನೆಯವರೆಗೂ ಕೇಳಿಸಿತು. ನನಗೆ ಕಣ್ಣು ತುಂಬಿ ಬಂದವು. ಮಾತಿನಲ್ಲಿ ಏನೇ ಇರಲಿ, ಕೈ ಮಾತ್ರ ಅಷ್ಟು ದೊಡ್ಡದೇ ಆಗಿತ್ತು.

ಸೋಮವಾರ ಇಬ್ಬರೂ ಬಸ್ಸಿನಲ್ಲಿ ಹೋದೆವು. ನಾನು ರಬಕವಿಯ ತವರುಮನೆಯಲ್ಲಿ ಉಳಿದೆ, ಅಣ್ಣ ಇವರನ್ನು ಬನಹಟ್ಟಿಯ ಸಾಲೆಗೆ ಕರೆದುಕೊಂಡು ಹೋದ. ಮಧ್ಯಾಹ್ನ ಅಣ್ಣ ಒಬ್ಬನೇ ಮುಂಚೆ ಬಂದ. ಮುಖದಲ್ಲಿ ತುಂಟ ನಗು.

"ಬಾರಿಸಿದ್ದು ಛಲೋ ಆತು. ಹೆಡ್ ಮಾಸ್ತರ ಡ್ರಮ್ಮಿನ್ಯಾಗ ತಮ್ಮ ಮೀಸಿ ನೋಡಿಕೊಂಡ್ರು. ಇದನ್ನ ಯಾರು ಬೆಳಗಿದ್ದು ಅಂತ ಕೇಳಿದ್ರು. ನಿನ್ನ ಗಂಡ, ನಾನಽ ರೀ, ಅರಮನಿ ಪದ್ಧತಿ ಅಂದ."

ನನಗೆ ಮೈ ಉರಿಯಿತು. ಅರಮನೆಯಲ್ಲಿ ಇಟ್ಟಿಗೆಪುಡಿ ಸೋಸುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ.

"ಇನ್ನೂ ಕೇಳ," ಎಂದ ಅಣ್ಣ. "ಸಾಲ್ಯಾಗ ಮುಧೋಳದ ಕಡಿಂದ ತಂದ ಎರಡು ಹಳೇ ಡ್ರಮ್ಮು ಅದಾವು, ಕರ್ರಗ ಹಂಚಿನಂಗ ಆಗ್ಯಾವು. ಅದರಾಗ ಒಂದನ್ನ ನಾಳಿ ಸಂಜಿ ಒಳಗ ಹಿಂಗಽ ಮಾಡಿ ತರ್ರಿ, ಆಮ್ಯಾಲ ನೌಕರಿ ಮಾತ ಅಂದಾರ."

ಅಷ್ಟರಲ್ಲಿ ಇವರು ಬಂದರು. ಕರೀ ಡ್ರಮ್ಮನ್ನು ಎದೆಗೆ ಅವಚಿಕೊಂಡು ಹೊಸ್ತಿಲ ಹೊರಗೇ ನಿಂತರು. ಅಣ್ಣನ ಹೆಂಡತಿ ವೈನಿ ನೀರು ಕೊಟ್ಟಳು, ಕುಡಿಯಲಿಲ್ಲ. ನನ್ನನ್ನು ನೋಡುತ್ತ, ನೆಲ ನೋಡುತ್ತ, "ಇದೊಂದು... ನೀ..." ಎಂದರು.

"ಖಂಡೇಪೂಜಿ ಸಾಮಾನದ್ರಿ. ನಾ ಹೆಂಗ ಮುಟ್ಟಲಿ?" ಎಂದೆ.

ಅಣ್ಣ ಒಳಗೆ ಹೋಗಿಬಿಟ್ಟ. ಆಗುವುದಿಲ್ಲ ಎಂದು ನಾನು ಒಂದು ಮಾತು ಹೇಳಿದ್ದರೆ ಮೂರು ವರ್ಷದ ಲೆಕ್ಕ ಚುಕ್ತಾ ಆಗುತ್ತಿತ್ತು. ಆದರೆ ನೌಕರಿಯೂ ಹೋಗುತ್ತಿತ್ತು, ಇವರು ಮತ್ತೆ ಕಟ್ಟೆಗೆ ಬರುತ್ತಿದ್ದರು. ಅದು ನನಗೆ ಬೇಕಿರಲಿಲ್ಲ. ನಾನು ಡ್ರಮ್ಮು ಇಸಿದುಕೊಂಡು ಉಗುರಿನಿಂದ ಕೆರೆದು ನೋಡಿದೆ. ಬಿಳಿ ಇರಲಿಲ್ಲ, ಬರೀ ಹಿತ್ತಾಳೆ. ಪುಣ್ಯ.

"ನಾ ಹೇಳತೀನಿ, ನೀವು ತಿಕ್ಕ್ರಿ," ಎಂದೆ.

ಮುಂಜಾನೆ ಹಿತ್ತಿಲಿನಲ್ಲಿ, ಧೋತರ ಮೇಲೆ ಕಟ್ಟಿ, ಸರಕಾರದ ಮುಂದೆ ಬಾರಿಸಿದ ಕೈ ಹುಣಸೆಹಣ್ಣು ಕಿವುಚಿತು. ಎಂದೂ ಸಕ್ಕರೆ ಸಾಲ ಕೇಳದ ನೆರೆಯ ಹೆಂಗಸರಿಗೆಲ್ಲ ಅವತ್ತೇ ಸಕ್ಕರೆ ಬೇಕಾಯಿತು, ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿ ಹೋದರು. ಮೂರು ವರ್ಷದ ಮೇಲೆ ಕಡ್ಡಿ ಹಿಡಿದು ಒಡೆದಿದ್ದ ಅಂಗೈಗೆ ಹುಳಿ ತಾಗಿ ಉರಿಯುತ್ತಿತ್ತು. ಹಲ್ಲು ಕಚ್ಚಿ ತಿಕ್ಕಿದರು.

"ಸಾಕೇನು?"

"ಇನ್ನೂ ಕರೀದ ಐತ್ರಿ."

"ಈಗ?"

"ಹಗ್ಗದ ಕೆಳಗ ನೋಡ್ರಿ."

ಅರ್ಧ ತಾಸು ತಿಕ್ಕಿದ ಮೇಲೆ, ತಲೆ ಎತ್ತದೆ, "ದಿನಾ ಹಿಂಗಽ ಉರೀತೈತೇನು ನಿನಗ?" ಎಂದು ಕೇಳಿದರು. ಮದುವೆಯಾದ ಮೇಲೆ ನನ್ನ ಕೈಯ ಬಗ್ಗೆ ಕೇಳಿದ ಮೊದಲ ಮಾತು ಅದು. ನಾನು ಬೂದಿ ತರುವ ನೆಪ ಮಾಡಿ ಒಳಗೆ ಹೋದೆ.

ಆ ಡ್ರಮ್ಮಿಗೆ ನಾನು ಒಂದು ಬೆರಳೂ ಹಚ್ಚಲಿಲ್ಲ. ಮೊದಲಿನಿಂದ ಕೊನೆಯ ಎಣ್ಣೆಯ ಹನಿಯವರೆಗೆ ಇವರದೇ ಕೆಲಸ. ನನ್ನದಕ್ಕಿಂತ ಒಂದು ಕೈ ಹೆಚ್ಚೇ ಹೊಳೆಯುತ್ತಿತ್ತು. ಇದನ್ನು ಅವರಿಗೆ ನಾನು ಇವತ್ತಿಗೂ ಹೇಳಿಲ್ಲ.

ಸಂಜೆ ಇಬ್ಬರೂ ಬನಹಟ್ಟಿಗೆ ಹೋಗಿ ಬಂದರು. ಇವರು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಾಗ ಅಣ್ಣ ಹೇಳಿದ. ನೌಕರಿ ಆಗಿತ್ತು. ಹೆಡ್ ಮಾಸ್ತರರು ಡ್ರಮ್ಮು ತಿರುಗಿಸಿ ತಿರುಗಿಸಿ ನೋಡಿ, "ಖರೆ ಹೇಳ್ರಿ, ಯಾರ ಕೆಲಸ ಇದು?" ಎಂದರಂತೆ. ಸಾಲೆಯ ಮಾಸ್ತರರೆಲ್ಲ ನಿಂತಿದ್ದರಂತೆ. ಇವರು ಉರಿಯುವ ಕೈ ಎರಡೂ ಬೆನ್ನ ಹಿಂದೆ ಇಟ್ಟುಕೊಂಡು ಹೇಳಿದರಂತೆ:

"ನಮ್ಮ ಮನಿಯಾಕೀದ್ರಿ. ಎರಡೂ ಆಕೀನಽ ಬೆಳಗ್ಯಾಳ."

ಮೊದಲನೆಯ ದಿನ ಒಂದು ಸುಳ್ಳು, ಎರಡನೆಯ ದಿನ ಇನ್ನೊಂದು. ಈ ಎರಡನೆಯದನ್ನು ನಾನು ಇಂದಿನವರೆಗೂ ತಿದ್ದಲು ಹೋಗಿಲ್ಲ.