ರಸ್ತೆಯ ಆಚೆ ನಿಂತು ಆರಿಸಿದ ಆಂಪ್ಲಿಫೈಯರ್

ನಮ್ಮ ಕಾರಿನ ಮುಂದಿನ ಎರಡು ಸ್ಪೀಕರುಗಳಿಗೆ ಆಂಪ್ಲಿಫೈಯರ್ ಕೊಂಡದ್ದು ನನ್ನ ಬೀಡಿ ಕಟ್ಟಿದ ಬೋನಸ್ಸಿನಲ್ಲಿ. ಹಾಗಾಗಿ ಆರಿಸುವ ಅಧಿಕಾರವೂ ನನ್ನದೇ ಆಯಿತು. ನಮ್ಮ ಯಜಮಾನರು ಆರಿಸಿದ್ದರೆ ಬೇರೆಯದು ಬರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಪ್ಪು ಯಾರದೆಂದು ಕೊನೆಯವರೆಗೆ ಹುಡುಕುವುದು ಬೇಡ.

ಎಂಬತ್ತರ ದಶಕದ ಶುರುವಿನ ಮಾತು. ಕುಂಬ್ರ ಪೇಟೆಯಲ್ಲಿ ನಮ್ಮದೊಂದು ಹಳೆಯ ಅಂಬಾಸಿಡರ್ ಬಾಡಿಗೆಗೆ ನಿಲ್ಲುತ್ತಿತ್ತು. ಓಡಿಸುವವರು ನಮ್ಮವರೇ. ಪುತ್ತೂರಿನ ಆಸ್ಪತ್ರೆಗೆ, ಸುಳ್ಯದ ಮದುವೆಗೆ, ಕಡಬದ ನೆಂಟರ ಮನೆಗೆ ಎಂದು ಜನ ಕರೆಯುತ್ತಿದ್ದರು. ಗಲ್ಫಿನಿಂದ ರಜೆಯಲ್ಲಿ ಬಂದವನೊಬ್ಬ ಒಂದು ಕ್ಯಾಸೆಟ್ ಸೆಟ್ಟನ್ನು ಇವರಿಗೆ ಕೊಟ್ಟು ಹೋಗಿದ್ದ. ಅವನ ತಾಯಿಯ ಕಾಯಿಲೆಯಲ್ಲಿ ಇವರು ತಿಂಗಳುಗಟ್ಟಲೆ ಆಸ್ಪತ್ರೆಗೆ ಕರೆದುಕೊಂಡು ಹೋದದ್ದಕ್ಕೆ ಅದು ಉಡುಗೊರೆ. ಸೆಟ್ಟಿಗೆ ಮುಂದಿನ ಎರಡು ಬಾಗಿಲುಗಳ ಹತ್ತಿರ ಎರಡು ಸ್ಪೀಕರ್ ಕೂರಿಸಿದರು. ಹಿಂದಕ್ಕೆ ಇರಲಿಲ್ಲ.

ಆ ಸೆಟ್ಟು ಬಂದ ಮೇಲೆ ನಮ್ಮ ಕಾರಿಗೆ ಇನ್ನೊಂದು ಕೆಲಸ ಅಂಟಿಕೊಂಡಿತು. ಗಲ್ಫಿಗೆ ಹೋದ ಬ್ಯಾರಿ ಗಂಡಸರು ಕಾಗದ ಬರೆಯುವುದಕ್ಕಿಂತ ಹೆಚ್ಚಾಗಿ ತಮ್ಮ ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಕ್ಯಾಸೆಟ್ ಬಂದರೂ ಅದನ್ನು ಹಾಕುವ ಯಂತ್ರ ಎಲ್ಲರ ಮನೆಯಲ್ಲಿ ಎಲ್ಲಿ? ಹೆಂಗಸರು ಸೆರಗಿನಡಿ ಕ್ಯಾಸೆಟ್ ಹಿಡಿದು ನಮ್ಮ ಕಾರಿನ ಹತ್ತಿರ ಬರುತ್ತಿದ್ದರು. ಇವರು ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಗ್ಲಾಸು ಏರಿಸಿ, ಕ್ಯಾಸೆಟ್ ಹಾಕಿ, ಚಾ ಹೋಟೆಲಿನ ಹಿಂದಿನ ಅಂಗಳಕ್ಕೆ ಹೋಗಿಬಿಡುತ್ತಿದ್ದರು. ಕಾರಿನ ಬಾಗಿಲು ತೆರೆದ ಸದ್ದು ಕೇಳುವವರೆಗೆ ಈಚೆ ಬರುತ್ತಿರಲಿಲ್ಲ. ಅಷ್ಟರಲ್ಲಿ ಬಾಡಿಗೆಯವರು ಬಂದರೆ, "ಸ್ವಲ್ಪ ತಡೀರಿ, ಒಳಗೆ ಕಾಗದ ಓದ್ತಾ ಇದ್ದಾರೆ" ಎನ್ನುತ್ತಿದ್ದರು. ಇದಕ್ಕೆ ಯಾರಿಂದಲೂ ಏನೂ ತೆಗೆದುಕೊಂಡವರಲ್ಲ.

ಹಾಗೆ ಬರುವವರಲ್ಲಿ ನಮ್ಮ ಆಚೆಮನೆಯವಳೂ ಒಬ್ಬಳು. ನಾವಿಬ್ಬರೂ ಬೀಡಿ ಕಟ್ಟಿ ಒಟ್ಟಿಗೇ ಪೇಟೆಯಲ್ಲಿದ್ದ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋಗಿ ಕೊಡುತ್ತಿದ್ದೆವು. ಗಂಡ ತೀರಿಹೋಗಿದ್ದ. ಮಗ ಗಲ್ಫಿನಲ್ಲಿ. ಅವನಿಗೆ ಅಲ್ಲಿ ಸೂಪರ್‌ವೈಸರ್ ಕೆಲಸ ಎಂದು ಅವಳು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಳು. ಆ ಮಾತಿನ ಬಲದಲ್ಲೇ ಮಗಳಿಗೆ ಸುಳ್ಯದ ಕಡೆಯ ಒಂದು ಸಂಬಂಧವೂ ಬಂದಿತ್ತು. ಆಚೆಮನೆಯವಳಿಗೆ ಸಣ್ಣದರಲ್ಲೇ ಕಿವಿ ಸೋರಿ ಸೋರಿ ಎರಡೂ ಕಿವಿ ಮಂದವಾಗಿದ್ದವು. ಕಾರಿನಲ್ಲಿ ಕೂತು ಬಗ್ಗಿ ಸ್ಪೀಕರಿಗೆ ಕಿವಿ ಒತ್ತಿ ಹಿಡಿಯುತ್ತಿದ್ದಳು. ಇಳಿದು ಬರುವಾಗ ಕೆನ್ನೆಯ ಮೇಲೆ ಸ್ಪೀಕರಿನ ಜಾಲರಿಯ ಅಚ್ಚು ಇರುತ್ತಿತ್ತು.

"ಒಂದು ಮಾತು ಸಿಕ್ಕಿದ್ರೆ ಎರಡು ಹೋಗ್ತದೆ ಅಕ್ಕ" ಎಂದಳು ಒಮ್ಮೆ. ನಾವು ಮಾತಾಡುತ್ತಿದ್ದುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಮಗಳು ಕೇಳಿ ನಿನಗೆ ಹೇಳ್ಬಹುದಲ್ಲ?"

"ಹೇಳ್ತಾಳೆ. ಅದು ಮಗಳ ಸ್ವರ. ನನಗೆ ಬೇಕಾದ್ದು ಅವನದ್ದು."

ಇದನ್ನು ನಾನು ಮನೆಯಲ್ಲಿ ಹೇಳಿದಾಗ, ಮುಂದಿನ ಸ್ಪೀಕರುಗಳಿಗೆ ಒಂದು ಆಂಪ್ಲಿಫೈಯರ್ ಹಾಕಿದರೆ ಆಗುತ್ತದೆ ಎಂದರು ಇವರು. ಆ ವರ್ಷದ ಬೋನಸ್ ನನ್ನ ಕೈಯಲ್ಲಿತ್ತು. ನಾನೇ ಕೊಡಿಸುತ್ತೇನೆ ಎಂದೆ. ಅಲ್ಲಿಯವರೆಗೆ ನನ್ನ ಬುದ್ಧಿ ಸರಿಯಾಗಿಯೇ ಇತ್ತು.

ಪುತ್ತೂರಿನ ರೇಡಿಯೋ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವರು ಮೊದಲು ಕೇಳಿದ್ದೇ, "ನಿಮಗೆ ಪದ್ಯ ಕೇಳ್ಳಿಕ್ಕಾ, ಮಾತು ಕೇಳ್ಳಿಕ್ಕಾ?"

"ಮಾತು" ಎಂದರು ಇವರು. "ಕಿವಿ ಮಂದ ಇರುವವರಿಗೆ."

"ಹಾಗಾದ್ರೆ ಇದು ತಗೊಳ್ಳಿ. ಸಣ್ಣಕೆ ಇಟ್ರೂ ಮಾತು ಬಿಡಿಬಿಡಿಯಾಗಿ ಕೇಳ್ತದೆ. ಎರಡು ಸ್ಪೀಕರಿಗೆ ಇಷ್ಟು ವಾಟ್ ಧಾರಾಳ."

ವಾಟ್ ಎಂದರೆ ಬಲ್ಬಿಗೆ ಇರುವುದು ಎಂದೇ ನಾನು ತಿಳಿದಿದ್ದೆ. ಹೆಚ್ಚು ವಾಟಿನ ಬಲ್ಬಿಗೆ ಹೆಚ್ಚು ಬೆಳಕು, ಹೆಚ್ಚು ವಾಟಿನ ಪೆಟ್ಟಿಗೆಗೆ ಹೆಚ್ಚು ಸದ್ದು. ಪಕ್ಕದಲ್ಲೇ ಇನ್ನೊಂದು ಪೆಟ್ಟಿಗೆ ಇತ್ತು. ಕ್ರಯ ಅರ್ಧ, ವಾಟ್ ಜಾಸ್ತಿ.

"ಅದಕ್ಕೆ ಎಂತ ಆಗಿದೆ?" ಎಂದು ಕೇಳಿದೆ.

"ಎಂತದೂ ಆಗ್ಲಿಲ್ಲ ಅಕ್ಕ. ಇಲ್ಲೇ ಜೋಡಿಸಿದ್ದು. ಸಣ್ಣಕೆ ಇಟ್ರೆ ಬರೀ ಗುಂಯ್ ಅಂತದೆ, ಮಾತು ಹೊರಡುದಿಲ್ಲ. ಅರ್ಧ ದಾಟಿಸಿದ್ರೆ ಮತ್ತೆ ಅದನ್ನು ಹಿಡೀಲಿಕ್ಕಿಲ್ಲ."

"ಹಿಡಿಯುದು ಯಾಕೆ? ನಮಗೆ ಜೋರೇ ಬೇಕಾದ್ದು."

ಎರಡನ್ನೂ ಹಾಕಿ ತೋರಿಸಿ ಎಂದೆ. ಹಾಕುವ ಮೊದಲು ಅಂಗಡಿಯಿಂದ ಇಳಿದು ರಸ್ತೆ ದಾಟಿ ಎದುರಿನ ಬಟ್ಟೆ ಅಂಗಡಿಯ ಮೆಟ್ಟಿಲಲ್ಲಿ ಹೋಗಿ ನಿಂತೆ. ನನ್ನ ಅಪ್ಪ ಮದುವೆಗೆ ಮೈಕ್ ಸೆಟ್ ಗೊತ್ತು ಮಾಡುವಾಗ ಗದ್ದೆಯ ಆಚೆ ತುದಿಗೆ ಹೋಗಿ ನಿಂತು ಕೇಳುತ್ತಿದ್ದರು. ಅಲ್ಲಿಗೆ ಕೇಳಿದರೆ ಸೆಟ್ಟು ಒಳ್ಳೆಯದು. ನನಗೆ ಗೊತ್ತಿದ್ದ ಪರೀಕ್ಷೆ ಅದೊಂದೇ. ಅಂಗಡಿಯವರು ಯಾವುದೋ ಭಾಷಣದ ಕ್ಯಾಸೆಟ್ ಹಾಕಿದರು. ದುಬಾರಿಯದು ಹಾಡಿದಾಗ ನನಗೆ ಏನೂ ಕೇಳಲಿಲ್ಲ. ಅಗ್ಗದ್ದು ಹಾಕಿದಾಗ ನಡುವೆ ಬಸ್ಸು ಹೋದರೂ ಒಂದೊಂದು ಮಾತೂ ನನ್ನ ತನಕ ಬಂತು.

"ಇದು ಕಾರಿಗೆ ಮಾರಾಯ್ತಿ, ಮದುವೆ ಚಪ್ಪರಕ್ಕಲ್ಲ" ಎಂದರು ಇವರು.

"ಬೋನಸ್ ನಿಮ್ಮದಾ ನನ್ನದಾ?"

ಅಂಗಡಿಯವರು ನಕ್ಕರು. ಇವರೂ ನಕ್ಕರು. ಅಂಗಡಿಯವರೇ ಪೆಟ್ಟಿಗೆಯನ್ನು ಡ್ರೈವರ್ ಸೀಟಿನ ಅಡಿಯಲ್ಲಿ ಕೂರಿಸಿ ಬ್ಯಾಟರಿಯಿಂದ ವಯರು ಎಳೆದು ಕೊಟ್ಟರು.

ಎಪ್ರಿಲ್ ಸೆಕೆಯಲ್ಲಿ ನೆಲ್ಯಾಡಿಯವರೊಬ್ಬರು ಗಲ್ಫಿನಿಂದ ಬಂದರು. ಅವರ ಕೈಯಲ್ಲಿ ಆಚೆಮನೆಯವಳಿಗೆ ಕ್ಯಾಸೆಟ್ ಬಂದಿತ್ತು. ಮರುದಿನ ಸಂಜೆಯ ಮುಂಚೆ ನಾವಿಬ್ಬರೂ ಬ್ರಾಂಚಿಗೆ ಹೋದೆವು. ಅವಳು ಬೇಗ ಬೇಗ ತನ್ನ ಬೀಡಿ ಕೊಟ್ಟು ರಸ್ತೆ ದಾಟಿ ಕಾರಿನ ಹತ್ತಿರ ಓಡಿದಳು. ನಾನು ಲೈನಿನಲ್ಲೇ ಇದ್ದೆ. ಇವರು ಅವಳನ್ನು ಕೂರಿಸಿ, ಹೊಸ ಪೆಟ್ಟಿಗೆಯ ಸದ್ದು ಏರಿಸುವ ಗುಬ್ಬಿ ತಿರುಗಿಸುವುದು ಹೇಗೆಂದು ತೋರಿಸಿ, ಎಂದಿನಂತೆ ಹೋಟೆಲಿನ ಹಿಂದೆ ಹೋದದ್ದು ನನಗೆ ಕಂಡಿತು. ಸೆಕೆಗೆ ಅವಳು ಗ್ಲಾಸು ಅರ್ಧ ಇಳಿಸಿದ್ದೂ ಕಂಡಿತು. ಆಮೇಲೆ ಗುಬ್ಬಿ ತಿರುಗಿಸಿದಳು ಎಂದು ಕಾಣುತ್ತದೆ.

"ಉಮ್ಮಾ" ಎಂದು ಒಬ್ಬ ಇಡೀ ಪೇಟೆಯನ್ನು ಕರೆದ ಹಾಗೆ ಕೇಳಿತು.

ಸತ್ಯ ಬರೆಯುತ್ತೇನೆ. ಮೊದಲ ಗಳಿಗೆಯಲ್ಲಿ ನನಗೆ ಹೆಮ್ಮೆಯಾಯಿತು. ನಾನು ಆರಿಸಿದ್ದು ಎಷ್ಟು ಚಂದ ಕೇಳುತ್ತದೆ ಎಂದು.

ಹುಡುಗ ಮಾತಾಡಿದ್ದು ಬ್ಯಾರಿ ಭಾಷೆಯಲ್ಲಿ. ನಮ್ಮ ಪೇಟೆಯಲ್ಲಿ ಅದು ತಿಳಿಯದವರು ಇಲ್ಲ. ಸೂಪರ್‌ವೈಸರ್ ಎಂದು ಹೇಳಿದ್ದು ಸುಳ್ಳು ಉಮ್ಮಾ ಎಂದ. ಕೆಲಸದವರ ಕ್ಯಾಂಪಿನಲ್ಲಿ ಕಕ್ಕಸು ತೊಳೆಯುವ ಕೆಲಸ ಎಂದ. ಕೈಯ ಚರ್ಮ ಏಳುತ್ತಿದೆ, ಅನ್ನ ಇಳಿಯುವುದಿಲ್ಲ, ನಾನು ವಾಪಸ್ ಬರಲಾ ಎಂದು ಕೇಳಿದ. ತಂಗಿಯ ಮಾತುಕತೆ ಮುಗಿಯುವವರೆಗೆ ಇದನ್ನು ಯಾರ ಹತ್ತಿರವೂ ಹೇಳಬೇಡಿ ಉಮ್ಮಾ ಎಂದ. ಆಮೇಲೆ ಅತ್ತ. ಆ ಅಳುವೂ ಅಷ್ಟೇ ಜೋರಾಗಿ ಬಂತು.

ಬ್ರಾಂಚಿನಲ್ಲಿ ಬೀಡಿ ನೋಡುವವರು ಕಟ್ಟು ಕೈಯಲ್ಲಿ ಹಿಡಿದೇ ನಿಂತರು. ನನ್ನ ಹಿಂದೆ ಇದ್ದವಳು, "ಹೋಯ್, ಸೂಪರ್‌ವೈಸರ್ ಅಳ್ತಾ ಇದ್ದಾನೆ ಮಾರಾಯ್ತಿ!" ಎಂದಳು. "ಗುಡಿಸುವವರಿಗೂ ಅಲ್ಲಿ ಅದೇ ಹೆಸರಿರ್ಬೇಕು" ಎಂದು ಇನ್ನೊಬ್ಬಳು. ಲೈನು ನಕ್ಕಿತು.

ನನಗೂ ಕಾರಿಗೂ ನಡುವೆ ಇದ್ದದ್ದು ಒಂದು ರಸ್ತೆ. ಓಡಿ ಹೋಗಿ ಗ್ಲಾಸಿಗೆ ಬಡಿದಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಕಾಲು ಬರಲಿಲ್ಲ ಎಂದು ಬರೆಯಬಹುದು, ಅದು ಸುಳ್ಳಾಗುತ್ತದೆ. ಮುಂದೆ ಎಂತ ಹೇಳುತ್ತಾನೆ ಎಂದು ಕೇಳುವ ಆಸೆಗೆ ನಿಂತೆ. ಉಳಿದವರ ಹಾಗೆ ನಾನೂ ನಿಂತು ಕೇಳಿದೆ.

ಓಡಿ ಬಂದವರು ಇವರು. ಬಾಗಿಲು ತೆರೆದು ಗುಬ್ಬಿ ಇಳಿಸಿದರು. "ಮುಗೀಲಿಲ್ಲ, ಯಾಕೆ ನಿಲ್ಲಿಸಿದ್ದು?" ಎಂದು ಅವಳು ಸಿಟ್ಟಿನಲ್ಲಿ ಕೇಳಿದ್ದು ನನ್ನ ತನಕ ಬಂತು. ಅವಳಿಗೆ ಹೊರಗಿನ ನಗು ಕೇಳಿಸಿರಲಿಲ್ಲ. ಇವರು ಗ್ಲಾಸು ಏರಿಸಿ, ಕಾರು ಸ್ಟಾರ್ಟ್ ಮಾಡಿ, ಅವಳನ್ನು ಕೂರಿಸಿಕೊಂಡೇ ಸುಳ್ಯ ರಸ್ತೆಯಲ್ಲಿ ಹೋದರು. ಮನೆಗಳಿಲ್ಲದ ಕಡೆ ಕಾರು ನಿಲ್ಲಿಸಿ, ಉಳಿದದ್ದನ್ನು ಹಾಕಿ ಕೊಟ್ಟು, ತಾವು ಇಳಿದು ದೂರ ಹೋಗಿ ಕೂತರಂತೆ.

ವಾಪಸು ಬಂದಾಗ ಅವಳ ಕಣ್ಣು ಊದಿತ್ತು. ಆದರೂ ನನ್ನ ಎರಡು ಕೈಯನ್ನೂ ಹಿಡಿದುಕೊಂಡಳು.

"ಇವತ್ತು ಒಂದೊಂದು ಮಾತೂ ಕೇಳಿತು ಅಕ್ಕ. ಉಸಿರು ಎಳೆಯುದು ಸಮೇತ ಕೇಳಿತು. ನಿನ್ನಿಂದಾಗಿ."

"ಹೇಗಿದ್ದಾನೆ?" ಎಂದೆ. ಬೇರೇನು ಕೇಳಲಿ?

"ಚಂದ ಇದ್ದಾನೆ. ಸೂಪರ್‌ವೈಸರಿಗೆ ಕೆಲಸ ಜಾಸ್ತಿಯಂತೆ."

ನಾನು ತಲೆಯಾಡಿಸಿದೆ.

ಮನೆಯಲ್ಲಿ ಇವರು ಕೇಳಿದರು, "ನೀನು ಎಲ್ಲಿದ್ದಿ?"

"ಬ್ರಾಂಚಿನ ಲೈನಿನಲ್ಲಿ."

"ಕೇಳಿತಾ?"

"ಕೇಳಿತು."

"ಮತ್ತೆ?"

ನಾನು ಎದ್ದು ಒಲೆಯ ಹತ್ತಿರ ಹೋದೆ. ಇವರು ಎರಡನೆಯ ಸಲ ಕೇಳಲಿಲ್ಲ, ಸಾಯುವವರೆಗೂ ಕೇಳಲಿಲ್ಲ. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತು ಹೇಳಿ ಹಗುರ ಮಾಡಿಕೊಳ್ಳುತ್ತಿದ್ದೆ. ಮರುದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಕಾರಿನಿಂದ ಬಿಚ್ಚಿ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದರು.

ಮುಂದಿನ ವಾರ ಬ್ರಾಂಚಿನಲ್ಲಿ ಅವಳು ಮತ್ತೆ ಸೂಪರ್‌ವೈಸರ್ ಎಂದಾಗ ಹೆಂಗಸರು ಮುಖ ಮುಖ ನೋಡಿಕೊಂಡು ನಕ್ಕರು. ಯಾಕೆ ನಗು ಎಂದು ಅವಳಿಗೆ ತಿಳಿಯಲಿಲ್ಲ. ಒಬ್ಬಳು ಅವಳ ಕಿವಿಗೆ ಬಾಯಿಟ್ಟು ಹೇಳಿದಳು. ಹೇಳಿ ಮುಗಿದ ಮೇಲೆ ಅವಳು ನೋಡಿದ್ದು ಹೇಳಿದವಳನ್ನಲ್ಲ, ನನ್ನನ್ನು. ನಾನು ನನ್ನ ಬೀಡಿಯ ಬುಟ್ಟಿ ನೋಡಿದೆ.

ಸುಳ್ಯದವರು ಮತ್ತೆ ಬರಲಿಲ್ಲ. ಅದಕ್ಕೆ ಇದೇ ಕಾರಣ ಎನ್ನಲು ನನ್ನ ಹತ್ತಿರ ಸಾಕ್ಷಿ ಇಲ್ಲ. ಆದರೆ ಬೇರೆ ಕಾರಣವನ್ನೂ ಯಾರೂ ಹೇಳಲಿಲ್ಲ. ಅವಳು ಬ್ರಾಂಚಿಗೆ ಬೇರೆ ಹೊತ್ತಿನಲ್ಲಿ ಹೋಗತೊಡಗಿದಳು. ಕ್ಯಾಸೆಟ್ ಬಂದರೆ ಬಸ್ಸು ಹತ್ತಿ ಕಡಬದಲ್ಲಿದ್ದ ತಂಗಿಯ ಮನೆಗೆ ಹೋಗುತ್ತಿದ್ದಳಂತೆ, ಅಲ್ಲಿ ಪಕ್ಕದವರದ್ದು ಒಂದು ಸಣ್ಣ ಟೇಪ್ ಇತ್ತಂತೆ. ಅದರಲ್ಲಿ ಅವಳಿಗೆ ಎಷ್ಟು ಕೇಳಿತೋ ಗೊತ್ತಿಲ್ಲ. ನಮ್ಮ ಕಾರು ಅವಳ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು.

ಮಳೆ ಹಿಡಿಯುವ ಮೊದಲು ಒಂದು ದಿನ ತಪ್ಪು ಒಪ್ಪಿಕೊಳ್ಳೋಣ ಎಂದು ಹಲಸಿನ ಹಣ್ಣು ಹೊತ್ತುಕೊಂಡು ಅವಳ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಬೀಡಿ ಎಲೆ ಕತ್ತರಿಸುತ್ತಿದ್ದಳು. ಮಗಳು ಒಳಗಿದ್ದಳು. ಬೇಲಿಯ ಆಚೆ ಇನ್ನೊಂದು ಮನೆಯ ಹೆಂಗಸರು ಬಟ್ಟೆ ಹರವುತ್ತಿದ್ದರು.

"ಅವತ್ತು ನಾನು ಬಂದು ನಿಲ್ಲಿಸ್ಬೇಕಿತ್ತು" ಎಂದೆ, ಮೆಲ್ಲ.

"ಎಂತ?" ಎಂದಳು ಅವಳು. ಕತ್ತರಿ ನಿಲ್ಲಿಸಲಿಲ್ಲ.

ಅವಳಿಗೆ ಕೇಳುವಷ್ಟು ಜೋರಾಗಿ ಹೇಳಿದರೆ ಬೇಲಿಯ ಆಚೆಗೂ ಕೇಳುತ್ತದೆ, ಒಳಗಿನ ಹುಡುಗಿಗೂ ಕೇಳುತ್ತದೆ. ಹತ್ತಿರ ಹೋಗಿ ಕಿವಿಗೆ ಬಾಯಿಡೋಣವೆಂದರೆ, ಬ್ರಾಂಚಿನಲ್ಲಿ ಅವಳಿಗೆ ಹಾಗೆ ಹೇಳಿದ್ದನ್ನು ನಾನು ನೋಡಿದ್ದೆ.

"ಎಂತ ಹೇಳಿದ್ದು?" ಎಂದು ಮತ್ತೆ ಕೇಳಿದಳು.

"ಹಲಸಿನ ಹಣ್ಣು ತಂದಿದ್ದೇನೆ" ಎಂದು ಜೋರಾಗಿ ಹೇಳಿದೆ.

"ಅಲ್ಲಿಡು" ಎಂದಳು. ಇಟ್ಟು ಬಂದೆ.