ಸೋತವರಿಗೂ ವಾಲಗ

“ಸೋತೋರ್ಗೂ ವಾಲಗ ಊದುಸ್ತದಲ್ಲೇ ಇದು!”

ನಮ್ಮ ದೊಡ್ಡಮ್ಮ ಹೀಗೆ ಕೂಗಿದ್ದು ಯಾವುದೋ ಛತ್ರದಲ್ಲಲ್ಲ. ಡ್ಯಾನ್‌ವಿಲ್‌ನ ನಮ್ಮ ಮನೆಯಿಂದ ಗಂಟೆಗೂ ಹೆಚ್ಚು ಫ್ರೀವೇಯಲ್ಲಿ ಓಡಿಸಿದರೆ ಸಿಗುವ ಕ್ಯಾಸಿನೋದಲ್ಲಿ, ಸ್ಲಾಟ್ ಮಷೀನಿನ ಮುಂದೆ ಕೂತು.

(ಗಾಬರಿಯಾಗಬೇಡಿ. ನಾವು ಹೋಗಿದ್ದು ಊಟಕ್ಕೆ. ಗೆಳತಿಯ ಐವತ್ತನೇ ಹುಟ್ಟುಹಬ್ಬದ ಪಾರ್ಟಿ ಅಲ್ಲಿನ ಬಫೆಯಲ್ಲಿತ್ತು.)

ಊಟ ಮುಗಿಸಿ ಹೊರಟರೆ ಬಾಗಿಲೇ ಸಿಗಲಿಲ್ಲ. ಯಾವ ಕಡೆ ತಿರುಗಿದರೂ ಮಷೀನುಗಳೇ. ಕಿಟಕಿಯಿಲ್ಲ, ಗಡಿಯಾರವಿಲ್ಲ. ಮಂಡ್ಯದಿಂದ ಬಂದು ಎರಡು ತಿಂಗಳಾಗಿರುವ ದೊಡ್ಡಮ್ಮನಿಗೆ ಮಂಡಿನೋವು ಬೇರೆ. ಎಲ್ಲಾದರೂ ಕೂರಿಸೋಣವೆಂದರೆ ಮಷೀನಿನ ಮುಂದಿನ ಕುರ್ಚಿ ಬಿಟ್ಟು ಒಂದು ಸ್ಟೂಲೂ ಕಾಣಲಿಲ್ಲ. ಸರಿ, ಅಲ್ಲೇ ಕೂರಿಸಿದೆ. ಸುಮ್ಮನೆ ಕೂತರೆ ಯಾರಾದರೂ ಏನಾದರೂ ಅಂದಾರು ಎಂದು ಐದು ಡಾಲರಿನ ನೋಟೊಂದನ್ನು ನಾನೇ ತುರುಕಿ, ಗುಂಡಿ ಒತ್ತಿಸಿದೆ.

ಒಂದು ಡಾಲರಿನ ಆಟ. ದೀಪಗಳು ಕುಣಿದವು, ಸಂಗೀತ ಮೊಳಗಿತು, ಪರದೆಯ ತುಂಬ ಚಿನ್ನದ ನಾಣ್ಯಗಳು ಸುರಿದವು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಮೂಲೆಯ ಸಣ್ಣ ಅಂಕಿ ನೋಡಿದರು. ಬಂದದ್ದು ಮೂವತ್ತು ಸೆಂಟು. ಅಂದರೆ ಎಪ್ಪತ್ತು ಸೆಂಟು ಹೋಗಿತ್ತು! ಆಗ ಹೊರಟ ಮಾತು ಅದು.

“ಕಾಸು ಹೋಗದಾದ್ರೆ ಸುಮ್ಕೆ ಹೋಗ್ಬಾರ್ದಾ? ಈ ಮೆರವಣ್ಗೆ ಯಾಕೆ?” ಎಂದು ಎದ್ದೇಬಿಟ್ಟರು.

ಅವರು ಎದ್ದರು, ನಾನು ಕೂತೆ. (ನಗಬೇಡಿ.) ಏಳರ ಅಂಕಿ ಮೂರು ಸಾಲಾದರೆ ಗೆಲುವು. ಎರಡು ಸಾಲಾಗಿ ನಿಂತವು, ಮೂರನೆಯದು ಒಂದೇ ಮನೆ ಮೇಲೆ. ಅಯ್ಯೋ, ಇನ್ನೇನು ಬಂದಿತ್ತು! ಮತ್ತೆ ಒತ್ತಿದೆ. ಗುಂಡಿ ಒತ್ತಿದ ಕ್ಷಣದಲ್ಲೇ ಫಲಿತಾಂಶ ತೀರ್ಮಾನವಾಗಿರುತ್ತದೆ, ಆಮೇಲೆ ತಿರುಗುವುದೆಲ್ಲ ನಾಟಕ ಎಂಬುದು ನನಗೆ ಚೆನ್ನಾಗಿ ಗೊತ್ತು. ‘ಇನ್ನೇನು’ ಎಂಬುದು ಅಲ್ಲಿ ಇಲ್ಲವೇ ಇಲ್ಲ. ಗೊತ್ತಿದ್ದೂ ಒತ್ತಿದೆ. ಯಾಕೆ? ಅದು ಮಾತ್ರ ಗೊತ್ತಿಲ್ಲ.

ಗೊತ್ತಿರಲು ಕಾರಣವಿದೆ. ನನ್ನ ಕೆಲಸವೇ ಆ್ಯಪ್ ಡಿಸೈನು. ಜನ ಗುಂಡಿ ಒತ್ತುವ ಹಾಗೆ ಮಾಡುವುದಕ್ಕೇ ನನಗೆ ಸಂಬಳ. ನಮ್ಮ ಭಾನುವಾರದ ಕನ್ನಡ ಕ್ಲಾಸಿನ ಮಕ್ಕಳಿಗೂ ಒಂದು ಅಕ್ಷರದ ಆ್ಯಪ್ ಮಾಡಿಕೊಟ್ಟಿದ್ದೆ. ಸರಿಯಾದ ಅಕ್ಷರ ಒತ್ತಿದರೆ ಸಂಗೀತ, ಬಣ್ಣದ ಕಾಗದದ ಸುರಿಮಳೆ. ತಪ್ಪು ಒತ್ತಿದರೆ? ಮಗುವಿಗೆ ಬೇಜಾರಾಗಬಾರದಲ್ಲ! ಅದಕ್ಕೂ ಸಂಗೀತ. ಜೊತೆಗೆ ‘ಭೇಷ್, ಇನ್ನೇನು ಬಂತು!’

ವಾಪಸ್ ಬರುವಾಗ ದಾರಿಯುದ್ದಕ್ಕೂ ದೊಡ್ಡಮ್ಮನ ವಾಲಗದ ಮಾತನ್ನೇ ಮೆಲುಕು ಹಾಕಿದೆ.

ಎಂಟು ವರ್ಷದ ಮಗಳು ಅನ್ವಿ ಆ ಆ್ಯಪನ್ನು ಒಂದು ದಿನವೂ ತಪ್ಪಿಸಿದವಳಲ್ಲ. ನನಗೋ ಹೆಮ್ಮೆ. ದೊಡ್ಡಮ್ಮ ಮುಂದಿನ ತಿಂಗಳು ಊರಿಗೆ ಹೋಗುತ್ತಾರೆ. ಅವರು ಮೆಸೇಜು ಹಾಕುವುದೇ ಕನ್ನಡದಲ್ಲಿ. ಅದನ್ನು ಮಗಳೇ ಓದಬೇಕು, ನಡುವೆ ನಾನು ದುಭಾಷಿಯಾಗಿ ಕೂರಬಾರದು. ನನ್ನ ಆಸೆ ಇಷ್ಟೇ.

ಮಾರನೆಯ ಬೆಳಿಗ್ಗೆ ದೊಡ್ಡಮ್ಮನ ಕೈಯಲ್ಲಿ ಚೀಟಿಯೊಂದರ ಮೇಲೆ ಅವರ ಹೆಸರು ಬರೆಸಿ, ಓದು ಎಂದು ಮಗಳ ಮುಂದಿಟ್ಟೆ. ಸರಸ. ಮೂರೇ ಅಕ್ಷರ. ಕೊಂಬಿಲ್ಲ, ಒತ್ತಿಲ್ಲ.

“ನರನ!” ಎಂದಳು ಮಗಳು. ಹೇಳಿ, ನಮ್ಮಿಬ್ಬರ ಮುಖ ನೋಡುತ್ತಾ ಚಪ್ಪಾಳೆಗೆ ಕಾದಳು.

“ನಾನ್ಯಾವಾಗವ್ವ ನರ ಆದೆ?” ಎಂದು ದೊಡ್ಡಮ್ಮ ನಕ್ಕರು. ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು.

ಅಂದೇ ಆ್ಯಪಿನಿಂದ ಸಂಗೀತವನ್ನೆಲ್ಲ ಕಿತ್ತುಹಾಕಿದೆ. ತಪ್ಪಿಗೂ ಇಲ್ಲ, ಸರಿಗೂ ಇಲ್ಲ. (ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗಿನ ಗಾದೆ ನನಗೂ ಗೊತ್ತು.) ಮಗಳು ಮೂರು ದಿನ ಅದರ ಕಡೆ ತಿರುಗಿ ನೋಡಲಿಲ್ಲ. ಕ್ಲಾಸಿನ ಟೀಚರ್ ಫೋನ್ ಮಾಡಿದರು. “ಏನ್ ಮಾಡಿದ್ರಿ ಮೇಡಂ? ಯಾವ ಮಗೂನೂ ಓಪನ್ನೇ ಮಾಡ್ತಿಲ್ವಂತೆ!”

ಸರಿಗೆ ಮಾತ್ರ ಸಂಗೀತ ಇಟ್ಟರಾಗದೇ ಎನ್ನುತ್ತೀರಿ. ಮೊದಲು ಹಾಗೇ ಇತ್ತು. ಎರಡು ತಪ್ಪಾದ ಕೂಡಲೇ ಮಕ್ಕಳು ಮುಖ ಊದಿಸಿಕೊಂಡು ಎದ್ದುಹೋಗುತ್ತಿದ್ದರು. ಅದಕ್ಕೇ ತಾನೇ ತಪ್ಪಿಗೂ ಹಾಕಿದ್ದು?

ನಾವೇನು ಸಂಗೀತ ಕೇಳಿ ಕಲಿತೆವಾ? ಇಲ್ಲ, ಮೇಷ್ಟ್ರು ಕಿವಿ ಹಿಂಡಿದರು, ಕಲಿತೆವು. ಹಾಗಾದರೆ ಅದೇ ಒಳ್ಳೆಯದಿತ್ತೇ? ಛೆ, ಯಾವ ಬಾಯಲ್ಲಿ ಹೇಳಲಿ. ಕ್ಯಾಸಿನೋದವರಿಗೆ ಬೇಕಿರುವುದು ದುಡ್ಡು, ನನಗೆ ಬೇಕಿರುವುದು ಕನ್ನಡ. ಆದರೆ ಗಾಳ ಒಂದೇ. ಒಳ್ಳೆಯ ಮನಸ್ಸಿನಿಂದ ಹಾಕಿದ ಗಾಳ ಮೀನಿಗೆ ಚುಚ್ಚುವುದಿಲ್ಲವೇ? ಯೋಚಿಸಿದಷ್ಟೂ ತಲೆ ಕೆಡುತ್ತಿದೆ.

ಮೊನ್ನೆ ಸಂಜೆ ದೊಡ್ಡಮ್ಮ ಮಗಳನ್ನು ಪುಸಲಾಯಿಸಿ ಪಕ್ಕದಲ್ಲಿ ಕೂರಿಸಿಕೊಂಡು ಆ್ಯಪ್ ತೆರೆಸಿದರು. ‘ಸ’ ಯಾವುದು ಎಂದು ಕೇಳಿತು. ಬೆರಳು ‘ನ’ ಕಡೆ ಹೋಯಿತು. ತಡವರಿಸಿತು. ಅನ್ವಿ ದೊಡ್ಡಮ್ಮ ಬರೆದುಕೊಟ್ಟ ಚೀಟಿಯನ್ನು ನೋಡಿದಳು, ಇನ್ನೊಮ್ಮೆ ನೋಡಿದಳು, ‘ಸ’ ಒತ್ತಿದಳು. ಸರಿ! ನನ್ನ ಕಣ್ಣು ತುಂಬಿತು.

ಪರದೆ ಸದ್ದಿಲ್ಲದೆ ಮುಂದಿನ ಅಕ್ಷರಕ್ಕೆ ಹೋಯಿತು. ಅವಳು ಕಾದಳು. ವಾಲ್ಯೂಮ್ ಜಾಸ್ತಿ ಮಾಡಿದಳು. ಟ್ಯಾಬ್ ಅಲ್ಲಾಡಿಸಿದಳು.

“ಅಮ್ಮಾ, ಐ ಗಾಟ್ ಇಟ್ ರೈಟ್,” ಎಂದಳು ಅಳುಮೋರೆ ಮಾಡಿ. “ಇಟ್ಸ್ ಬ್ರೋಕನ್!”

ಏನೋ ಕೆಟ್ಟಿರುವುದು ನಿಜ. ಆದರೆ ಯಾವುದನ್ನು ರಿಪೇರಿ ಮಾಡಲಿ?